ಒಂದೇ ಕಣಿವೆಯಲ್ಲಿ ಬಿಡಾರ ಹೂಡು

ಅಳಿಯಂದಿರು ಕಳಿಸಿದ ಪಟ್ಟಿ ನೋಡಿದೆ ಕಣೇ. ಎಂಟು ದಿನಕ್ಕೆ ಜ್ಯೂರಿಕ್, ಲುಸರ್ನ್, ಇಂಟರ್‌ಲಾಕೆನ್, ಜರ್ಮಾಟ್, ಜಿನೀವಾ. ಸಾಲದ್ದಕ್ಕೆ ಕೊನೆಗೊಂದು ಪ್ಯಾರಿಸ್ ಬೇರೆ. ಊರಿಗೊಂದು ಹೋಟೆಲು, ಹೋಟೆಲಿಗೊಂದು ಸಲ ಸೂಟ್‌ಕೇಸ್ ಬಿಚ್ಚಿ ಕಟ್ಟುವ ಕೆಲಸ. ಆ ಕೆಲಸ ಯಾರ ತಲೆಗೆ ಬರುತ್ತದೆ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಎಪ್ಪತ್ತು ದಾಟಿದ ಮಾವನವರು, ಮಂಡಿನೋವಿನ ಅತ್ತೆ, ಹನ್ನೆರಡರ ಮಗ, ಐದರ ಮಗಳು ಜೊತೆಗಿರುವಾಗ ಆ ಪಟ್ಟಿ ಆಗಿಬರುವುದಿಲ್ಲ. ನನ್ನ ಮಾತು ಕೇಳುವುದಾದರೆ ಬರ್ನೀಸ್ ಓಬರ್‌ಲ್ಯಾಂಡ್ ಅನ್ನುವ ಒಂದೇ ಸೀಮೆ ಹಿಡಿ. ತೂನ್, ಬ್ರಿಯೆನ್ಸ್ ಅಂತ ಎರಡು ಸರೋವರ, ನಡುವೆ ಇಂಟರ್‌ಲಾಕೆನ್, ಅದರ ಹಿಂದೆ ಲೌಟರ್‌ಬ್ರುನೆನ್ ಮತ್ತು ಗ್ರಿಂಡೆಲ್‌ವಾಲ್ಡ್ ಕಣಿವೆಗಳು, ತಲೆಯ ಮೇಲೆ ಐಗರ್, ಮೋಂಖ್, ಯುಂಗ್‌ಫ್ರಾವ್ ಶಿಖರಗಳು. ಒಂದು ವಾರ ಅಲ್ಲೇ ಕೂತರೂ ನೋಡುವುದು ಉಳಿದೇ ಇರುತ್ತದೆ.

ಹೋಗುವ ಕಾಲವನ್ನು ಮೊದಲು ಸರಿ ಮಾಡಿಕೊಳ್ಳಿ. ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಬರುವುದು ಏಪ್ರಿಲ್-ಮೇಯಲ್ಲಿ. ಆಗ ಅಲ್ಲಿ ಕೆಳಗಿನ ಕಣಿವೆ ಹಸಿರಾಗಿರುತ್ತದೆ, ಹಿಮ ಕರಗಿ ಜಲಪಾತಗಳು ತುಂಬಿ ಬೀಳುತ್ತವೆ, ನಿಜ. ಆದರೆ ಮೇಲಿನ ಕಾಲುದಾರಿಗಳ ಮೇಲೆ ಹಿಮ ಇನ್ನೂ ಕೂತಿರುತ್ತದೆ, ಕೆಲವು ಕೇಬಲ್ ಕಾರ್‌ಗಳು ವರ್ಷದ ದುರಸ್ತಿಗೆ ನಿಂತಿರುತ್ತವೆ. ಜುಲೈ-ಆಗಸ್ಟ್‌ನಲ್ಲಿ ಎಲ್ಲವೂ ತೆರೆದಿರುತ್ತದೆ, ನಮ್ಮ ಶಾಲೆಗಳೂ ತೆರೆದಿರುತ್ತವೆ! ಅದಕ್ಕೇ ದಸರೆ ರಜೆ ಅನ್ನುತ್ತೇನೆ. ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಜನ ಕಡಿಮೆ, ದೋಣಿಗಳೂ ಕೇಬಲ್ ಕಾರ್‌ಗಳೂ ಇನ್ನೂ ಓಡುತ್ತಿರುತ್ತವೆ. ಬೇಸಿಗೆಯಿಡೀ ಮೇಲಿನ ಹುಲ್ಲುಗಾವಲಲ್ಲಿ ಮೇಯ್ದ ಹಸುಗಳನ್ನು ಹೂವು, ಗಂಟೆ ಕಟ್ಟಿ ಕೆಳಗಿಳಿಸುವ ಕಾಲವೂ ಅದೇ. ತೂನ್ ಸರೋವರದ ಮೇಲಿರುವ ಯುಸ್ಟಿಸ್‌ಟಾಲ್ ಕಣಿವೆಯಲ್ಲಿ ಸೆಪ್ಟೆಂಬರ್‌ನಲ್ಲಿ ಚೀಸ್ ಹಂಚುವ ಹಬ್ಬ ನಡೆಯುತ್ತದೆ. ಆ ಬೇಸಿಗೆಯಲ್ಲಿ ಮಾಡಿದ ಗಾಲಿಯಂಥ ಚೀಸ್ ಗಡ್ಡೆಗಳನ್ನು ಹಸುಗಳ ಒಡೆಯರು ತಮ್ಮ ತಮ್ಮ ಪಾಲಿನ ಪ್ರಕಾರ ಹಂಚಿಕೊಳ್ಳುತ್ತಾರೆ. ದಸರೆ ಬೇಗ ಬಂದ ವರ್ಷ ದಿನ ಹೊಂದಿದರೆ ತಪ್ಪಿಸಬೇಡಿ.

ಬಿಡಾರಕ್ಕೆ ಇಂಟರ್‌ಲಾಕೆನ್ ಪೇಟೆ ಬೇಡ, ವೆಂಗನ್ ಊರು ನೋಡು. 1274 ಮೀಟರ್ ಎತ್ತರದಲ್ಲಿದೆ, ಕಾರು ಹೋಗುವಂತಿಲ್ಲ. ಲೌಟರ್‌ಬ್ರುನೆನ್‌ನಿಂದ ಹಲ್ಲುಗಾಲಿಯ ಪುಟ್ಟ ರೈಲು ಹತ್ತಿಸುತ್ತದೆ. ಮಗಳನ್ನು ಬೀದಿಯಲ್ಲಿ ಕೈಬಿಟ್ಟು ಓಡಾಡಿಸಬಹುದು. ಬೆಂಗಳೂರಿನ ತಾಯಿಗೆ ಇದಕ್ಕಿಂತ ದೊಡ್ಡ ರಜೆ ಯಾವುದಿದೆ? ಇನ್ನೊಂದು ಬದಿಯ ಮ್ಯೂರೆನ್ 1638 ಮೀಟರ್‌ನಲ್ಲಿದೆ, ಅಲ್ಲೂ ಕಾರಿಲ್ಲ, ನೋಟ ಇನ್ನೂ ಚೆನ್ನ. ಆದರೆ ಲೌಟರ್‌ಬ್ರುನೆನ್‌ನಿಂದ ಹೋಗುವಾಗ ಕೇಬಲ್ ಕಾರ್ ಇಳಿದು ರೈಲು ಹತ್ತಬೇಕು, ಅತ್ತೆಯವರ ಮಂಡಿಗೆ ದಿನಾ ಅದು ಕಷ್ಟ. ಒಂದು ದಿನ ಹೋಗಿ ಬಂದರಾಯಿತು. ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿಯುವಾಗ ಮೆಟ್ಟಿಲು ಎಷ್ಟು, ಸ್ಟೇಷನ್ನಿಂದ ಏರು ಎಷ್ಟು ಅಂತ ಕೇಳಿಯೇ ದುಡ್ಡು ಕಟ್ಟು. ಫೋಟೋದಲ್ಲಿ ಬಾಲ್ಕನಿಯ ಹೂಗಳು ಕಾಣುತ್ತವೆ, ಏರು ಕಾಣುವುದಿಲ್ಲ.

ಯುಂಗ್‌ಫ್ರಾವ್‌ಯೋಕ್ ವಿಚಾರದಲ್ಲಿ ನಾನು ಸ್ವಲ್ಪ ಹಟಮಾರಿ. ಅಳಿಯಂದಿರು ಅದನ್ನು ಇಳಿದ ಮರುದಿನವೇ ಇಟ್ಟಿದ್ದಾರೆ. ಐಗರ್, ಮೋಂಖ್‌ಗಳ ಹೊಟ್ಟೆಯೊಳಗೆ ಸುರಂಗ ಕೊರೆದು 1912ರಲ್ಲಿ ಮುಗಿಸಿದ ರೈಲಿನಲ್ಲಿ ಅಲ್ಲಿಗೆ ಏರಬೇಕು. ಕೊನೆಯ ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಗಿಂತ ಸಾವಿರದೈನೂರು ಮೀಟರ್ ಮೇಲೆ. ಈಗ ಗ್ರಿಂಡೆಲ್‌ವಾಲ್ಡ್‌ನಿಂದ ಐಗರ್ ಎಕ್ಸ್‌ಪ್ರೆಸ್ ಕೇಬಲ್ ಕಾರ್ ಬಂದಮೇಲೆ ಏರುವುದು ಇನ್ನೂ ಬೇಗ, ಅಂದರೆ ದೇಹ ಒಗ್ಗಿಕೊಳ್ಳಲು ಸಿಗುವ ಹೊತ್ತು ಇನ್ನೂ ಕಡಿಮೆ. ಮಾವನವರನ್ನು ಡಾಕ್ಟರರಿಗೆ ತೋರಿಸಿ, ಅವರು ಹೂಂ ಅಂದರೆ ಮಾತ್ರ ಕರೆದುಕೊಂಡು ಹೋಗಿ. ಮೇಲೆ ನಿಧಾನ ನಡೆಯಲಿ, ನೀರು ಕುಡಿಯುತ್ತಿರಲಿ, ತಲೆ ಸುತ್ತಿದರೆ ಮುಂದಿನ ರೈಲಿಗೆ ಇಳಿಸಿಬಿಡಿ. ದಿನ ಗೊತ್ತುಮಾಡಬೇಡಿ. ಬೆಳಿಗ್ಗೆ ಎದ್ದು ಮೇಲಿನ ಕ್ಯಾಮೆರಾದ ನೇರ ಚಿತ್ರ ಫೋನಿನಲ್ಲಿ ನೋಡಿ. ಆಕಾಶ ತಿಳಿಯಾಗಿದ್ದರೆ ಹೊರಡಿ, ಬರೀ ಬಿಳಿ ಕಂಡರೆ ಕೆಳಗೇ ಇರಿ. ತಲೆಗೆ 200 ಫ್ರಾಂಕ್‌ಗೂ ಮಿಕ್ಕಿ ಕೊಟ್ಟು ಮೋಡದೊಳಗೆ ನಿಂತು ಬರುವವರು ದಿನಾ ಇದ್ದಾರೆ. ತಿಳಿಯಾದ ದಿನ ಆಲೆಚ್ ಹಿಮನದಿ ಕಾಣುತ್ತದೆ, ಆಲ್ಪ್ಸ್‌ನಲ್ಲೆಲ್ಲ ಅತಿ ಉದ್ದದ್ದು. ವರ್ಷವರ್ಷ ಕರಗಿ ಹಿಂದೆ ಸರಿಯುತ್ತಿದೆ ಅನ್ನುವುದನ್ನು ಮಗನಿಗೆ ಅಲ್ಲೇ ಹೇಳಿ, ಪುಸ್ತಕದ ಪಾಠಕ್ಕಿಂತ ಚೆನ್ನಾಗಿ ಇಳಿಯುತ್ತದೆ.

ಮೋಡದ ದಿನಕ್ಕೆ ಕಣಿವೆ ಇದೆಯಲ್ಲ. ಲೌಟರ್‌ಬ್ರುನೆನ್‌ನ ಸ್ಟೌಬ್‌ಬಾಖ್ ಜಲಪಾತ 297 ಮೀಟರ್, ನಮ್ಮ ಜೋಗಕ್ಕಿಂತ ಎತ್ತರ. ನೀರು ಮಾತ್ರ ತೆಳು, ಗಾಳಿಗೆ ಪುಡಿಪುಡಿಯಾಗಿ ಹಾರುತ್ತದೆ. ಮಳೆಗಾಲದ ಜೋಗ ಕಂಡವರು ಇದಕ್ಕೆ ಬೆರಗಾಗಬೇಕಿಲ್ಲ, ನಾನಂತೂ ಆಗಲಿಲ್ಲ. ಬೆರಗು ಬೇಕಾದರೆ ಟ್ರುಮೆಲ್‌ಬಾಖ್‌ಗೆ ಹೋಗಿ. ಮೂರು ಶಿಖರಗಳ ಹಿಮದ ನೀರು ಬೆಟ್ಟದ ಒಳಗೇ ಹತ್ತು ಹಂತದಲ್ಲಿ ಬೀಳುತ್ತದೆ, ಸೆಕೆಂಡಿಗೆ 20,000 ಲೀಟರ್‌ವರೆಗೆ. ಒಳಗೆ ಲಿಫ್ಟ್ ಇದೆ, ಆದರೆ ಮೆಟ್ಟಿಲುಗಳು ಒದ್ದೆ, ಅತ್ತೆಯವರು ಕೆಳಗಿನ ಬೆಂಚಿನಲ್ಲೇ ಕೂರಲಿ. ನಾಲ್ಕು ವರ್ಷದೊಳಗಿನ ಮಕ್ಕಳನ್ನು ಬಿಡುವುದಿಲ್ಲ, ನಿನ್ನ ಮಗಳಿಗೆ ಅಡ್ಡಿಯಿಲ್ಲ. ಮಗ ಹಾಬಿಟ್ ಕತೆ ಓದುತ್ತಿದ್ದಾನೆ ಅಂದೆಯಲ್ಲ, ಅದನ್ನು ಬರೆದ ಟೋಲ್ಕಿನ್ 1911ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಈ ಕಣಿವೆಯಲ್ಲಿ ನಡೆದಾಡಿದ್ದ ಅಂತ ಹೇಳು. ಆಮೇಲೆ ನಡೆಯಲು ಅವನನ್ನು ಕಾಡಬೇಕಾಗಿಲ್ಲ.

ಸರೋವರಕ್ಕೆ ಒಂದಿಡೀ ದಿನ ಕೊಡಿ. ಬ್ರಿಯೆನ್ಸ್ ನೀರಿನ ಹಸಿರುನೀಲಿ ಬಣ್ಣ ಕಂಡು ಮಕ್ಕಳು ಬಣ್ಣ ಕಲಸಿದ್ದಾರಾ ಅಂತ ಕೇಳುತ್ತಾರೆ. ಹಿಮನದಿ ಬೀಸುವ ಕಲ್ಲಿನ ಹಾಗೆ ಬಂಡೆಯನ್ನು ಅರೆದು ನುಣ್ಣನೆ ಹಿಟ್ಟು ಮಾಡುತ್ತದೆ, ಆ ಹಿಟ್ಟು ನೀರಿನಲ್ಲಿ ತೇಲುತ್ತ ಬೆಳಕನ್ನು ಹಾಗೆ ಚೆದುರಿಸುತ್ತದೆ. ಇಂಟರ್‌ಲಾಕೆನ್ ಓಸ್ಟ್ ನಿಲ್ದಾಣದ ಪಕ್ಕದಲ್ಲೇ ದೋಣಿ ಹತ್ತಿ, ಮಧ್ಯೆ ಗೀಸ್‌ಬಾಖ್‌ನಲ್ಲಿ ಇಳಿಯಿರಿ. ದಡದಿಂದ ಜಲಪಾತದ ಬದಿಗೆ ಏರುವ ಕೇಬಲ್ ರೈಲು 1879ರದ್ದು. ಬ್ರಿಯೆನ್ಸ್ ಊರಿನಲ್ಲಿ ಮರ ಕೆತ್ತುವವರ ಅಂಗಡಿಗಳಿವೆ, ಚನ್ನಪಟ್ಟಣದ ಗೊಂಬೆ ಕಂಡ ಕಣ್ಣಿಗೆ ಬೆಲೆ ಹೊಡೆಯುತ್ತದೆ, ಕೆಲಸ ಮಾತ್ರ ಚೊಕ್ಕ. ಇಸೆಲ್ಟ್‌ವಾಲ್ಡ್ ಅನ್ನುವ ಊರಿನ ಕಟ್ಟೆಯ ಮೇಲೆ ಫೋಟೋ ತೆಗೆಯಬೇಕು ಅಂತ ನಿನ್ನ ನಾದಿನಿ ಹೇಳಿರಬೇಕು. ಕೊರಿಯಾದ ಧಾರಾವಾಹಿಯೊಂದರಲ್ಲಿ ಆ ಕಟ್ಟೆ ಕಾಣಿಸಿಕೊಂಡ ಮೇಲೆ ಜನ ಮುಗಿಬಿದ್ದರು, ಊರಿನವರು ಗೇಟು ಹಾಕಿ 5 ಫ್ರಾಂಕ್ ವಸೂಲಿಗೆ ಇಳಿದರು. ಸರತಿಯಲ್ಲಿ ನಿಲ್ಲುವ ಹೊತ್ತಿಗೆ ಕಾಂಡರ್‌ಸ್ಟೆಗ್‌ಗೆ ಹೋಗಿ ಓಷಿನೆನ್ ಸರೋವರ ನೋಡಬಹುದು. ಬೆಟ್ಟ ಕುಸಿದು ನೀರಿಗೆ ಅಡ್ಡಕಟ್ಟಿ ಆದ ಸರೋವರ ಅದು, 1578 ಮೀಟರ್ ಮೇಲೆ. ಕೇಬಲ್ ಕಾರ್ ಇಳಿದ ಮೇಲೆ ಸ್ವಲ್ಪ ನಡಿಗೆ, ನಡೆಯಲಾಗದವರಿಗೆ ಬ್ಯಾಟರಿ ಗಾಡಿ ಉಂಟು. ಆರೆ ನದಿಯಲ್ಲಿ ಮಾತ್ರ ಯಾರನ್ನೂ ಇಳಿಸಬೇಡ. ನೋಡಲು ಸಾಧು, ಒಳಗೆ ಸೆಳೆತ, ಚಳಿಯೂ ಹಾಗೇ.

ಕಾಲುದಾರಿಯಲ್ಲಿ ಬರೀ ಹಳದಿ ಗುರುತಿದ್ದರೆ ಎಲ್ಲರಿಗೂ ಸರಿ. ಬಿಳಿ-ಕೆಂಪು-ಬಿಳಿ ಕಂಡರೆ ಅದು ಬೆಟ್ಟದ ದಾರಿ, ಗಟ್ಟಿ ಬೂಟು ಬೇಕು. ಹಲಗೆಯಲ್ಲಿ ಬರೆದ ಸಮಯದಲ್ಲಿ ಕೂರುವ ಹೊತ್ತು ಸೇರಿಲ್ಲ, ನಿಮ್ಮ ಸಂಸಾರಕ್ಕೆ ಅದನ್ನು ಇಮ್ಮಡಿ ಮಾಡಿಕೋ. ಕೇಬಲ್ ಕಾರಲ್ಲಿ ಮೆನ್‌ಲಿಖೆನ್‌ಗೆ ಹತ್ತಿ ಕ್ಲೈನೆ ಶೈಡೆಗ್‌ವರೆಗೆ ನಡೆಯುವ ದಾರಿ ಹೆಚ್ಚುಕಡಿಮೆ ಇಳಿಜಾರು, ಮೂರು ಶಿಖರವೂ ಎದುರಿಗೇ. ದಾರಿ ಮುಚ್ಚಿದೆ ಅಂತ ಹಲಗೆ ಇದ್ದರೆ ವಾದ ಬೇಡ ಅಂತ ಅಳಿಯಂದಿರಿಗೆ ಹೇಳು. 2025ರ ಮೇ 28ರಂದು ಆಚೆ ಕಣಿವೆಯ ಬ್ಲಾಟೆನ್ ಎಂಬ ಊರಿನ ಬಹುಪಾಲನ್ನು ಕುಸಿದ ಹಿಮನದಿಯೂ ಬಂಡೆಯೂ ಮುಚ್ಚಿಹಾಕಿದವು. ಮೊದಲೇ ಎಚ್ಚರಿಸಿ ಊರು ಖಾಲಿ ಮಾಡಿಸಿದ್ದರಿಂದ ಹೆಚ್ಚಿನವರು ಉಳಿದರು.

ಟಿಕೆಟ್‌ಗೆ ಸ್ವಿಸ್ ಟ್ರಾವೆಲ್ ಪಾಸ್ ತಗೊಂಡರೆ ರೈಲು, ಬಸ್ಸು, ಸರೋವರದ ದೋಣಿ ಎಲ್ಲ ಅದರಲ್ಲೇ. ಯುಂಗ್‌ಫ್ರಾವ್‌ಯೋಕ್‌ಗೆ ರಿಯಾಯಿತಿ ಮಾತ್ರ. ಮಗನಿಗೆ ಫ್ಯಾಮಿಲಿ ಕಾರ್ಡ್ ಕೇಳಿ ತಗೋ, ಅಪ್ಪ-ಅಮ್ಮನ ಜೊತೆಗಿದ್ದರೆ ಹದಿನಾರು ತುಂಬುವ ತನಕ ಪುಕ್ಕಟೆ. ಆರು ತುಂಬದ ಮಗಳಿಗೆ ಅದೂ ಬೇಡ. ವೀಸಾಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, 30,000 ಯೂರೋದ ವಿಮೆ ಇರಲೇಬೇಕು.

ಊಟದ ಮಾತು. ಅಕ್ಕಿ, ಬೇಳೆ ಅಲ್ಲೇ ಸಿಗುತ್ತವೆ. ಸಾರಿನ ಪುಡಿ, ಚಟ್ನಿಪುಡಿ, ಉಪ್ಪಿನಕಾಯಿ ಇಲ್ಲಿಂದ. ಹೊರಗೆ ರೋಸ್ಟಿ ಅಂತ ಆಲೂಗಡ್ಡೆ ಹುರಿದು ಕೊಡುತ್ತಾರೆ, ಬೇಕನ್ ಹಾಕಬೇಡಿ ಅಂತ ಮೊದಲೇ ಹೇಳಬೇಕು. ಫಾಂಡ್ಯೂನಲ್ಲಿ ವೈನ್ ಇರುತ್ತದೆ, ಅತ್ತೆಯವರಿಗೆ ತಿಳಿಸಿಯೇ ಬಡಿಸು. ನೀರಿನ ಬಾಟಲಿಗೆ ದುಡ್ಡು ಸುರಿಯಬೇಡ, ನಲ್ಲಿ ನೀರೇ ಚೆನ್ನಾಗಿದೆ. ಭಾನುವಾರ ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ, ಹಾಲು-ಮೊಸರು ಶನಿವಾರವೇ ತಂದಿಡು. ಮಾವನವರ ಬಿಪಿ ಮಾತ್ರೆಗಳನ್ನು ಚೀಟಿ ಸಮೇತ ಕೈಚೀಲದಲ್ಲೇ ಇಟ್ಟುಕೋ, ಸೂಟ್‌ಕೇಸಿಗೆ ಹಾಕಬೇಡ.