ಗೇಟಿನ ಲೈಟು ಮತ್ತು ಐದು ಸೇವಂತಿಗೆ ಕುಂಡಗಳು

ಕಳೆದ ವರ್ಷ ಮೇ ತಿಂಗಳಲ್ಲಿ ನಮ್ಮ ಓನರ್ ಅಜ್ಜಿ ಮಂಡಿ ಆಪರೇಷನ್‌ಗೆ ಅಂತ ಶಿವಮೊಗ್ಗದ ಮಗಳ ಮನೆಗೆ ಹೊರಟರು. ಕಾಲೇಜಿನ ಹಿಂದಿನ ರಸ್ತೆಯಲ್ಲಿ ಅವರ ಮನೆ, ಮೇಲಿನ ಮಹಡಿಯಲ್ಲಿ ನಾವು ನಾಲ್ಕು ಜನ ಬಾಡಿಗೆಗೆ ಇದ್ದೇವೆ. ಆಟೋ ಹತ್ತುವ ಮುಂಚೆ ಅಜ್ಜಿ ಹೇಳಿದ್ದು ಒಂದೇ ಮಾತು: "ಬಾಡಿಗೆ ಒಂದು ವಾರ ಲೇಟಾದ್ರೂ ಪರ್ವಾಗಿಲ್ಲ ಹುಡುಗ್ರಾ, ಗಿಡ ಒಣಗ್ಬಾರ್ದು. ದೀಪಾವಳಿಗೆ ಸೇವಂತಿಗೆ ಬಿಡುತ್ತೆ, ನನಗೆ ಫೋಟೋ ಕಳ್ಸಿ."

ಇದ್ದದ್ದು ಇಪ್ಪತ್ತೆರಡು ಕುಂಡ, ಮೂಲೆಯಲ್ಲಿ ಒಂದು ದಾಸವಾಳ, ಗೋಡೆ ಪಕ್ಕ ನೆಲದಲ್ಲೇ ಬೆಳೆದ ಒಂದು ಹಳೇ ಮಲ್ಲಿಗೆ. ಆ ಮಲ್ಲಿಗೆ ಮನೆ ಕಟ್ಟಿದ ವರ್ಷ ನೆಟ್ಟದ್ದಂತೆ. ನಾವೆಲ್ಲ ಇಂಗ್ಲಿಷ್ ಮೀಡಿಯಂ. ಫೋಟೋಸಿಂಥೆಸಿಸ್ ಸಮೀಕರಣ ಬ್ಯಾಲೆನ್ಸ್ ಮಾಡೋದು ಗೊತ್ತು, ಕನಕಾಂಬರ ಗಿಡ ಯಾವುದು ಅಂತ ತೋರಿಸೋಕೆ ಮಾತ್ರ ಗೊತ್ತಿರಲಿಲ್ಲ. ಒಂದು ವರ್ಷದಲ್ಲಿ ಕೆಲವು ಗಿಡ ಉಳಿಸಿದೆವು, ಕೆಲವನ್ನು ಸಾಯಿಸಿದೆವು. ಕಲಿತದ್ದನ್ನು ಕಾಲಕ್ಕೆ ತಕ್ಕ ಹಾಗೆ ಇಲ್ಲಿ ಬರೆದಿದ್ದೇವೆ. ನಿಮ್ಮ ಬಾಲ್ಕನಿಯಲ್ಲಿ ಒಂದೇ ಕುಂಡ ಇದ್ದರೂ ಉಪಯೋಗಕ್ಕೆ ಬರುತ್ತೆ.

ಮುಂಗಾರು: ನೀರು ಜಾಸ್ತಿಯಾಗಿ ಸತ್ತ ಗಿಡಗಳು

ಮೊದಲ ವಾರವೇ ನಾವು ಮಾಡಿದ ಕೆಲಸ ಆಟೋಮೇಷನ್. ಹಳೇ ಪ್ರಾಜೆಕ್ಟಿನ ಒಂದು ಸಣ್ಣ ಪಂಪು, ಒಂದು ಟೈಮರ್, ಉದ್ದಕ್ಕೂ ಪೈಪು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೀರು. ನೋಡೋಕೆ ಚೆನ್ನಾಗಿಯೇ ಇತ್ತು. ಒಂದು ವಿಷಯ ಮಾತ್ರ ಮರೆತಿದ್ದೆವು, ಟೈಮರಿಗೆ ಮಳೆ ಬಂದದ್ದು ಗೊತ್ತಾಗಲ್ಲ.

ಜೂನ್ ಎರಡನೇ ವಾರ ಅಜ್ಜಿ ಫೋನ್ ಮಾಡಿ "ಮೃಗಶಿರ ಬಂತಾ?" ಅಂತ ಕೇಳಿದರು. ಯಾರೋ ನೆಂಟರು ಬರ್ತಾರೆ ಅಂದುಕೊಂಡು "ಇನ್ನೂ ಬಂದಿಲ್ಲ ಅಜ್ಜಿ" ಅಂದೆವು. ಅವರು ಕೇಳಿದ್ದು ಮಳೆಯ ಬಗ್ಗೆ. ಆಮೇಲೆ ಕೂತು ಲೆಕ್ಕ ಹಾಕಿದಾಗ ಅರ್ಥ ಆಯ್ತು. ಮಳೆ ನಕ್ಷತ್ರ ಅಂದರೆ ಸೂರ್ಯ ಆಕಾಶದಲ್ಲಿ ಯಾವ ನಕ್ಷತ್ರದ ಭಾಗದಲ್ಲಿದ್ದಾನೆ ಅನ್ನೋ ಲೆಕ್ಕ. 365 ದಿನವನ್ನು 27 ನಕ್ಷತ್ರಕ್ಕೆ ಭಾಗಿಸಿದರೆ ಒಂದೊಂದಕ್ಕೆ ಸುಮಾರು ಹದಿಮೂರೂವರೆ ದಿನ. ಮೇ ಕೊನೆಯಲ್ಲಿ ರೋಹಿಣಿ, ಜೂನ್ ಎಂಟರ ಹೊತ್ತಿಗೆ ಮೃಗಶಿರ, ಇಪ್ಪತ್ತೆರಡರ ಹೊತ್ತಿಗೆ ಆರಿದ್ರಾ. ಪ್ರತಿ ವರ್ಷ ಹೆಚ್ಚು ಕಮ್ಮಿ ಅದೇ ತಾರೀಖು. ರೈತರು ಬಿತ್ತನೆಗೆ ಇಟ್ಟುಕೊಂಡಿರೋ ಕ್ಯಾಲೆಂಡರ್ ಇದು.

ಅಷ್ಟರಲ್ಲಿ ಕನಕಾಂಬರದ ಎಲೆ ಹಳದಿಯಾಗಿ ಬಾಡತೊಡಗಿತ್ತು. ಬಾಡಿದೆ, ಅಂದರೆ ನೀರು ಸಾಲದು ಅಂತ ಇನ್ನೊಂದು ಮಗ್ ಹಾಕಿದೆವು. ಇನ್ನೂ ಬಾಡಿತು. ಇನ್ನೂ ಹಾಕಿದೆವು. ಮೂರು ಗಿಡ ಹೋದವು.

ಇಲ್ಲಿರೋ ಪಾಠ ಇಷ್ಟು. ಬೇರು ಕೂಡ ಉಸಿರಾಡುತ್ತೆ. ಮಣ್ಣಿನ ಕಣಗಳ ನಡುವಿನ ಜಾಗದಲ್ಲೆಲ್ಲ ನೀರೇ ತುಂಬಿದರೆ ಗಾಳಿಗೆ ಜಾಗ ಇರಲ್ಲ, ಬೇರು ಕೊಳೆಯುತ್ತೆ, ಕೊಳೆತ ಬೇರು ನೀರು ಎಳೆಯಲ್ಲ, ಮೇಲೆ ಎಲೆ ಬಾಡುತ್ತೆ. ನೀರು ಕಮ್ಮಿಯಾದರೂ ಬಾಡುತ್ತೆ, ಜಾಸ್ತಿಯಾದರೂ ಬಾಡುತ್ತೆ. ಎರಡು ತಪ್ಪಿಗೂ ಔಟ್‌ಪುಟ್ ಒಂದೇ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಗೊತ್ತು, ಫೀಡ್‌ಬ್ಯಾಕಿನ ಚಿಹ್ನೆ ತಪ್ಪಾದರೆ ಸಿಸ್ಟಮ್ ಎಲ್ಲಿಗೆ ಹೋಗುತ್ತೆ ಅಂತ.

ಹಾಗಾಗಿ ಎಲೆ ನೋಡಿ ನೀರು ಹಾಕಬೇಡಿ, ಮಣ್ಣು ಮುಟ್ಟಿ ಹಾಕಿ. ಬೆರಳನ್ನು ಎರಡು ಗಿಣ್ಣಿನವರೆಗೆ ಮಣ್ಣೊಳಗೆ ಇಳಿಸಿ. ತಂಪಾಗಿ, ಬೆರಳಿಗೆ ಸ್ವಲ್ಪ ಅಂಟಿದರೆ ಅವತ್ತು ನೀರು ಬೇಡ. ಅಜ್ಜಿ ಇದಕ್ಕೆ "ಹದ" ಅಂತಾರೆ. ಕುಂಡದ ತಳದಲ್ಲಿ ತೂತು ಇರಲೇಬೇಕು, ಅದರ ಮೇಲೆ ಒಡೆದ ಹೆಂಚಿನ ಚೂರು ಇಡಿ. ಮಣ್ಣಿಗೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಒಂದು ಪಾಲು ಕೊಕೊಪೀಟ್. ಹಸಿ ಸಗಣಿ ಹಾಕಬೇಡಿ, ಬೇರು ಸುಡುತ್ತೆ.

ಟೈಮರ್ ಬಿಚ್ಚಿಟ್ಟೆವು. ಸತ್ತ ಕನಕಾಂಬರದಲ್ಲಿ ಒಣಗಿದ ತೆನೆ ಉಳಿದಿತ್ತು. ಅದರ ಕಾಯಿಗೆ ನೀರು ತಾಗಿದರೆ ಪಟ್ ಅಂತ ಸಿಡಿದು ಬೀಜ ಹಾರುತ್ತೆ. ಅದನ್ನೇ ಹೆಕ್ಕಿ ಬಿತ್ತಿದೆವು, ಕೆಲವು ಹುಟ್ಟಿದವು.

ಶ್ರಾವಣದಿಂದ ದಸರಾ: ಹಬ್ಬದಿಂದ ಹಿಂದಕ್ಕೆ ಎಣಿಸಿ

ಹೂವಿನ ಗಿಡದಲ್ಲಿ ಸಬ್ಮಿಷನ್ ಹಿಂದಿನ ರಾತ್ರಿ ಕೂತು ಮುಗಿಸೋದು ನಡೆಯಲ್ಲ. ಚೆಂಡುಹೂವಿಗೆ ಬೀಜದಿಂದ ಹೂವಿಗೆ ಸುಮಾರು ಎರಡು ತಿಂಗಳಿಂದ ಎರಡೂವರೆ ತಿಂಗಳು ಬೇಕು. ಆಯುಧಪೂಜೆಗೆ ಲ್ಯಾಬಿನ ಬಾಗಿಲಿಗೆ ನಮ್ಮದೇ ಹೂ ಕಟ್ಟಬೇಕು ಅಂದರೆ ಜುಲೈನಲ್ಲೇ ಬಿತ್ತಬೇಕು. ಟ್ರೇಯಲ್ಲಿ ಬಿತ್ತಿ, ಮೂರು ನಾಲ್ಕು ವಾರದ ಸಸಿಯನ್ನು ಕುಂಡಕ್ಕೆ ಸಾಗಿಸಿ.

ಸಸಿ ಚೆನ್ನಾಗಿ ಎದ್ದ ಮೇಲೆ ಅದರ ತುದಿ ಕುಡಿಯನ್ನು ಚಿವುಟಬೇಕು. ಅಜ್ಜಿ ಫೋನಲ್ಲಿ ಹೀಗೆ ಹೇಳಿದಾಗ ನಮಗೆ ಮನಸ್ಸು ಬರಲಿಲ್ಲ. ಕಾರಣ ಗೊತ್ತಾದ ಮೇಲೆ ಧೈರ್ಯ ಬಂತು. ತುದಿ ಕುಡಿಯಲ್ಲಿ ಆಕ್ಸಿನ್ ಅನ್ನೋ ಹಾರ್ಮೋನ್ ತಯಾರಾಗಿ ಕೆಳಗೆ ಇಳಿಯುತ್ತೆ, ಪಕ್ಕದ ಮೊಗ್ಗುಗಳನ್ನು ಏಳದ ಹಾಗೆ ತಡೆಯುತ್ತೆ. ತುದಿ ತೆಗೆದರೆ ಪಕ್ಕದ ಕವಲುಗಳು ಒಟ್ಟಿಗೆ ಬರುತ್ತವೆ. ಮೊದಲ ಹೂ ಸ್ವಲ್ಪ ತಡ ಆಗುತ್ತೆ, ಆದರೆ ಒಂದು ಕಡೆ ಬರೋ ಹೂ ಎಂಟು ಹತ್ತು ಕಡೆ ಬರುತ್ತೆ. ಸೇವಂತಿಗೆಗೂ ಇದೇ ಕೆಲಸ.

ಚೆಂಡುಹೂವಿನ ಬೇರಿನಿಂದ ಬರೋ ರಾಸಾಯನಿಕ ಮಣ್ಣಿನ ಜಂತುಹುಳುಗಳನ್ನು ಹತ್ತಿಕ್ಕುತ್ತೆ. ಅದಕ್ಕೇ ಹಳಬರು ಅದನ್ನು ತರಕಾರಿ ಪಾತಿಯ ಜೊತೆಗೂ ಹಾಕ್ತಾರೆ. ಆಯುಧಪೂಜೆಗೆ ನಮಗೆ ಒಂದು ಮಾರು ಮಾಲೆಯಾಗುವಷ್ಟು ಹೂ ಸಿಕ್ಕಿತು. ಆ ಖುಷಿಯಲ್ಲಿ ಸೇವಂತಿಗೆ ಕಡೆ ನೋಡಲೇ ಇಲ್ಲ.

ದೀಪಾವಳಿ: ಹೂ ಬಿಡದ ಐದು ಕುಂಡ

ಸೇವಂತಿಗೆ ಎಂಟು ಕುಂಡ ಇತ್ತು. ಐದು ಗೇಟಿನ ಪಕ್ಕ ಸಾಲಾಗಿ, ಮೂರು ಹಿತ್ತಲಲ್ಲಿ ಬಟ್ಟೆ ಒಗೆಯೋ ಕಲ್ಲಿನ ಹತ್ತಿರ. ಗೇಟಿನ ಐದೂ ಸೊಂಪಾಗಿ, ಕಡು ಹಸಿರಾಗಿ ಬೆಳೆದಿದ್ದವು. ಒಂದು ಮೊಗ್ಗೂ ಇರಲಿಲ್ಲ. ಅಕ್ಟೋಬರ್‌ನಲ್ಲಿ ಗಾಬರಿಯಾಗಿ ಗೊಬ್ಬರ ಹಾಕಿದೆವು. ಎಲೆ ಇನ್ನೂ ಬಂತು, ಅಷ್ಟೇ. ದೀಪಾವಳಿ ದಿನ ಅಜ್ಜಿಗೆ ಫೋಟೋ ಕಳಿಸಲಿಲ್ಲ. ಅವರೇ ಸಂಜೆ ಫೋನ್ ಮಾಡಿದರು.

ನಿಜ ಹೇಳಿದೆವು. ಬೈಯ್ಯಲಿಲ್ಲ. "ಹಿತ್ತಲಲ್ಲಿರೋದು ಬಿಟ್ಟಿದ್ಯಾ?" ಅಂತ ಕೇಳಿದರು. ನೋಡಿದರೆ ಮೂರರಲ್ಲೂ ಹಳದಿ ಹೂ ತುಂಬಿತ್ತು. ಹಿತ್ತಲ ಕಡೆ ನಾವು ವಾರಕ್ಕೆ ಎರಡು ಸಲ ನೀರು ಹಾಕೋಕೆ ಬಿಟ್ಟರೆ ಹೋಗುತ್ತಲೇ ಇರಲಿಲ್ಲ. "ಅದೇ ಗಿಡ, ಅದೇ ಮಣ್ಣು. ಹಂಗಾದ್ರೆ ಎರಡಕ್ಕೂ ಏನ್ ವ್ಯತ್ಯಾಸ ನೋಡಿ" ಅಂದು ಇಟ್ಟರು. ಇಷ್ಟು ಚೆನ್ನಾಗಿ ಡೀಬಗ್ ಮಾಡೋದನ್ನು ನಮಗೆ ಅಲ್ಲಿವರೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ವ್ಯತ್ಯಾಸ ಒಂದೇ. ಜುಲೈನಲ್ಲಿ ಬೈಕಿಗೆ ಭದ್ರತೆ ಇರಲಿ ಅಂತ ಗೇಟಿನ ಮೇಲೆ ಒಂದು ದೊಡ್ಡ ಎಲ್‌ಇಡಿ ಲೈಟ್ ಹಾಕಿದ್ದೆವು. ರಾತ್ರಿಯಿಡೀ ಉರಿಯುತ್ತಿತ್ತು.

ಮಾರನೇ ದಿನ ಲೈಬ್ರರಿಯಲ್ಲಿ ಕೂತು ಹುಡುಕಿದೆವು. ಸೇವಂತಿಗೆ ಚಿಕ್ಕ ಹಗಲಿನ ಗಿಡ. ಹಗಲು ಕುಗ್ಗಿ ರಾತ್ರಿ ಉದ್ದವಾದಾಗ ಮಾತ್ರ ಮೊಗ್ಗು ಕಟ್ಟುತ್ತೆ. ಗಿಡಗಳು ಹೀಗೆ ಹಗಲು ರಾತ್ರಿಯ ಉದ್ದ ಅಳೆಯುತ್ತವೆ ಅನ್ನೋದನ್ನು 1920ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಪ್ರಕಟಿಸಿದರು. ಬೇಸಿಗೆಯಲ್ಲಿ ಬರೀ ಎತ್ತರಕ್ಕೆ ಬೆಳೆದು ಹೂವೇ ಬಿಡದ ಒಂದು ತಂಬಾಕು ತಳಿ ಅವರನ್ನು ಕಾಡಿತ್ತು. ನಮ್ಮ ಗೇಟಿನ ಕಥೆಯೂ ಅದೇ.

ಬೆಂಗಳೂರಲ್ಲಿ ಜೂನ್ 21ರ ಹಗಲು ಸುಮಾರು 12 ಗಂಟೆ 50 ನಿಮಿಷ, ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 20 ನಿಮಿಷ. ಇಡೀ ವರ್ಷದಲ್ಲಿ ವ್ಯತ್ಯಾಸ ಒಂದೂವರೆ ಗಂಟೆ ಮಾತ್ರ. ನಮಗೆ ಗೊತ್ತೇ ಆಗದ ಇಷ್ಟು ಸಣ್ಣ ಬದಲಾವಣೆಯನ್ನು ಗಿಡ ಹಿಡಿಯುತ್ತೆ. ಎಲೆಯಲ್ಲಿ ಫೈಟೋಕ್ರೋಮ್ ಅನ್ನೋ ಪ್ರೋಟೀನ್ ಇದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ಹೋಗುತ್ತೆ, ಕತ್ತಲಲ್ಲಿ ನಿಧಾನವಾಗಿ ಹಳೇ ರೂಪಕ್ಕೆ ಮರಳುತ್ತೆ. ಬಿಳಿ ಲೈಟಿನಲ್ಲೂ ಕೆಂಪು ಇರುತ್ತಲ್ಲ, ರಾತ್ರಿ ನಡುವೆ ಅದು ಬಿದ್ದರೆ ಗಿಡದ ಎಣಿಕೆ ಕೆಡುತ್ತೆ. ಸೇವಂತಿಗೆ ಬೆಳೆಗಾರರು ಇದನ್ನೇ ಬಳಸಿಕೊಳ್ಳುತ್ತಾರೆ. ಹೂ ತಡವಾಗಬೇಕಾದರೆ ರಾತ್ರಿ ಬಲ್ಬ್ ಹಾಕ್ತಾರೆ, ಬೇಗ ಬೇಕಾದರೆ ಸಂಜೆಯೇ ಕಪ್ಪು ಬಟ್ಟೆ ಮುಚ್ಚುತ್ತಾರೆ.

ಐದೂ ಕುಂಡ ಹಿತ್ತಲಿಗೆ ಹೊತ್ತೆವು. ಉದ್ದ ರಾತ್ರಿ ಶುರುವಾದ ಮೇಲೆ ಹೂ ಅರಳಲು ತಳಿಗೆ ತಕ್ಕ ಹಾಗೆ ಎಂಟರಿಂದ ಹತ್ತು ವಾರ ಬೇಕು. ಹಾಗಾಗಿ ಅಜ್ಜಿಗೆ ಫೋಟೋ ಹೋಗಿದ್ದು ಸಂಕ್ರಾಂತಿಗೆ.

ಮಾಗಿ: ಮಲ್ಲಿಗೆಗೆ ಕತ್ತರಿ

ಡಿಸೆಂಬರ್‌ನಲ್ಲಿ ಅಜ್ಜಿ "ಮಲ್ಲಿಗೆ ಸವರಬೇಕು" ಅಂದರು. ಕನಕಾಂಬರ ಸತ್ತಿದೆ, ದೀಪಾವಳಿಗೆ ಸೇವಂತಿಗೆ ಇಲ್ಲ, ಈಗ ಮನೆಯಷ್ಟೇ ವಯಸ್ಸಾದ ಗಿಡಕ್ಕೆ ನಮ್ಮ ಕೈಯಲ್ಲಿ ಕತ್ತರಿ! ನಾಲ್ಕು ಜನರಲ್ಲಿ ಯಾರೂ ಮುಂದೆ ಬರಲಿಲ್ಲ.

ಕ್ರಮ ಹೀಗಿದೆ. ಮೊದಲು ಹತ್ತು ಹದಿನೈದು ದಿನ ನೀರು ನಿಲ್ಲಿಸಿ. ಗಿಡ ಒಂಥರಾ ನಿದ್ದೆಗೆ ಹೋಗುತ್ತೆ. ಆಮೇಲೆ ಒಣಗಿದ, ಸಣಕಲು ಕಡ್ಡಿಗಳನ್ನು ಪೂರ್ತಿ ತೆಗೆದು, ಉಳಿದವನ್ನು ನೆಲದಿಂದ ಒಂದೂವರೆ ಎರಡು ಅಡಿಗೆ ಕತ್ತರಿಸಿ. ಬುಡದ ಮಣ್ಣು ಸಡಿಲಿಸಿ, ಗೊಬ್ಬರ, ಸ್ವಲ್ಪ ಬೇವಿನ ಹಿಂಡಿ ಹಾಕಿ, ಮತ್ತೆ ನೀರು ಶುರು ಮಾಡಿ. ಮಲ್ಲಿಗೆ ಮೊಗ್ಗು ಬರೋದು ಹೊಸ ಚಿಗುರಿನಲ್ಲಿ. ಹಳೇ ಕಡ್ಡಿ ಉಳಿಸಿಕೊಂಡರೆ ಹೂ ಕಮ್ಮಿ.

ವಿಡಿಯೋ ಕಾಲ್‌ನಲ್ಲಿ ಅಜ್ಜಿ "ಇನ್ನೂ ಕೆಳಗೆ, ಇನ್ನೂ ಕೆಳಗೆ ಕಣೋ" ಅಂತಿದ್ದರು. ಮುಗಿದಾಗ ಉಳಿದದ್ದು ಬರೀ ಮೋಟು. ಜನವರಿ ಪೂರ್ತಿ ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಅದನ್ನೇ ನೋಡ್ತಿದ್ದೆವು. ಮೊದಲ ಚಿಗುರು ಕಂಡ ದಿನ ಇಂಟರ್ನಲ್ಸ್ ಇತ್ತು. ಪೇಪರ್ ಹೇಗಿತ್ತು ಅನ್ನೋದು ನೆನಪಿಲ್ಲ, ಚಿಗುರು ನೆನಪಿದೆ.

ಬೇಸಿಗೆ: ಇರುವೆ ಕಂಡರೆ ಹುಷಾರ್

ಫೆಬ್ರವರಿಯಿಂದ ಬಿಸಿಲು ಏರುತ್ತೆ. ನೀರು ಬೆಳಿಗ್ಗೆ ಬೇಗ ಹಾಕಿ. ಮಣ್ಣಿನ ಮೇಲೆ ಒಣಗಿದ ಎಲೆ ಹರಡಿ, ತೇವ ಉಳಿಯುತ್ತೆ. ದಾಸವಾಳದ ಕುಡಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಅದು ಹಿಟ್ಟು ತಿಗಣೆ. ಕಾಂಡದ ಮೇಲೆ ಇರುವೆ ಸಾಲು ಕಂಡಾಗಲೇ ಎಚ್ಚರ ಆಗಿ. ತಿಗಣೆ ಬಿಡೋ ಸಿಹಿ ದ್ರವಕ್ಕೆ ಇರುವೆ ಬರುತ್ತೆ, ಬದಲಿಗೆ ತಿಗಣೆಗೆ ಕಾವಲು ಇರುತ್ತೆ. ಮೊದಲು ಜೋರಾಗಿ ನೀರು ಹೊಡೆದು ತೊಳೆಯಿರಿ. ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರಾವಣ ಸೇರಿಸಿ ಸಂಜೆ ಹೊತ್ತು ಎಲೆಯ ಕೆಳಗೂ ಸಿಂಪಡಿಸಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತೆ. ವಾರ ಬಿಟ್ಟು ಮತ್ತೊಮ್ಮೆ.

ಯುಗಾದಿಗೆ ಮುಂಚೆ ಅಜ್ಜಿ ಕೋಲೂರಿಕೊಂಡು ವಾಪಸ್ ಬಂದರು. ಮಲ್ಲಿಗೆ ತುಂಬ ಮೊಗ್ಗು. ನಾವು ಸಾಲಾಗಿ ನಿಂತು ಕಾಯ್ತಿದ್ದೆವು, ಏನಾದ್ರೂ ಹೇಳ್ತಾರೆ ಅಂತ. ಅವರು ಹತ್ತಿರದ ಕುಂಡಕ್ಕೆ ಬಗ್ಗಿ ಬೆರಳು ಇಳಿಸಿದರು. "ನೀರು ಸ್ವಲ್ಪ ಜಾಸ್ತಿ ಹಾಕ್ತಿದೀರ" ಅಂದರು. ಆಮೇಲೆ ಮೆಟ್ಟಿಲ ಮೇಲೆ ಕೂತು, ಬಾಳೆನಾರು ತರಿಸಿ, ಕತ್ತಲಾಗೋವರೆಗೂ ಮೊಗ್ಗು ಕಟ್ಟಿದರು. ಪಕ್ಕದಲ್ಲಿ ಕೂತು ನಾವೂ ಕಟ್ಟೋಕೆ ಕಲಿತೆವು, ನಮ್ಮದು ಎರಡು ಸಲ ಬಿಚ್ಚಿಹೋಯ್ತು.

ಗೇಟಿನ ಲೈಟಿಗೆ ಈಗ ಮೋಷನ್ ಸೆನ್ಸರ್ ಹಾಕಿ, ಅದರ ಮುಖವನ್ನು ಬೈಕುಗಳ ಕಡೆಗೆ ತಿರುಗಿಸಿದ್ದೇವೆ. ನೀವು ಶುರು ಮಾಡೋದಾದರೆ ಈ ಜೂನ್‌ನಲ್ಲಿ ಒಂದೇ ಒಂದು ಸೇವಂತಿಗೆ ಸಸಿ ತನ್ನಿ, ರಾತ್ರಿ ಟ್ಯೂಬ್‌ಲೈಟ್ ಬೀಳದ ಕಡೆ ಇಡಿ, ಆಗಸ್ಟ್‌ವರೆಗೆ ಕುಡಿ ಚಿವುಟಿ. ಹಾಸ್ಟೆಲ್ ಕಾರಿಡಾರಿನಲ್ಲಿ ರಾತ್ರಿಯಿಡೀ ಲೈಟ್ ಉರಿಯುತ್ತಿದ್ದರೆ ಟೆರೇಸಿಗೆ ಒಯ್ಯಿರಿ. ದೀಪಾವಳಿಗೆ ಹೂ ಬಿಟ್ಟರೆ ನಮ್ಮ ಕನ್ನಡ ಸಂಘಕ್ಕೆ ಫೋಟೋ ಕಳಿಸಿ. ಬಿಡದಿದ್ದರೂ ಕಳಿಸಿ, ವ್ಯತ್ಯಾಸ ಎಲ್ಲಿದೆ ಅಂತ ಒಟ್ಟಿಗೆ ಹುಡುಕೋಣ.