ಕೀ ತೆಗೆದರೂ ಹೊಗೆ ನಿಲ್ಲಲಿಲ್ಲ

ಹಳೆಯ ಗಾಡಿ ದಾರಿಯಲ್ಲಿ ಕೈಕೊಟ್ಟರೆ ಎಲ್ಲರೂ ಗಾಡಿಯನ್ನೇ ಬೈಯುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಚಾರ್ಮಾಡಿ ಘಾಟಿಯಲ್ಲಿ ಆದದ್ದರ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಭಾವ "ಗುಜರಿಗೆ ಹಾಕಯ್ಯ ಅದನ್ನ, ಜೀವಕ್ಕಿಂತ ಹೆಚ್ಚಾ?" ಎಂದರು. ಊಟಕ್ಕೆ ಕೂತಾಗ ಈಗಲೂ ಅದೇ ಮಾತು. ಹಿರಿಯರಿಗೆ ಎದುರುತ್ತರ ಕೊಡಲಾಗದೆ ಇಲ್ಲಿ ಬರೆಯುತ್ತಿದ್ದೇನೆ. ಅಪ್ಪನ ಯೆಜ್ಡಿ ಬೈಕು ಆ ರಾತ್ರಿ ಯಾವ ತಪ್ಪನ್ನೂ ಮಾಡಲಿಲ್ಲ. ತಪ್ಪೆಲ್ಲ ಅದರ ಫ್ಯೂಸ್ ತೆಗೆದುಹಾಕಿದವನದು.

ಮಳೆಗಾಲಕ್ಕೆ ಮುಂಚೆ ವೈರಿಂಗ್ ಪೂರ್ತಿ ಹೊಸದು ಮಾಡಿಸಿದ್ದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು. ಈಗ ಸಿಗುವ ವೈರಿಂಗ್ ಕಿಟ್‌ನಲ್ಲಿ ಒಂದರ ಉದ್ದ ಇನ್ನೊಂದಕ್ಕಿಲ್ಲ. ಅದನ್ನು ಗಾಡಿಗೆ ಹೊಂದಿಸುವುದು ಎಲೆಕ್ಟ್ರಿಷಿಯನ್ ಕೆಲಸ. ನಮ್ಮ ಎಲೆಕ್ಟ್ರಿಷಿಯನ್ ಇವತ್ತು ನಾಳೆ ಎನ್ನುತ್ತಾ, ಬೆಳ್ತಂಗಡಿಯ ಗೃಹಪ್ರವೇಶಕ್ಕೆ ನಾವು ಹೊರಡುವ ದಿನ ಮಧ್ಯಾಹ್ನ ಗಾಡಿ ಕೊಟ್ಟ. "ಇನ್ನು ಹತ್ತು ವರ್ಷ ಯೋಚನೆ ಇಲ್ಲ ಸಾರ್" ಎಂದು ದುಡ್ಡು ಎಣಿಸಿಕೊಂಡ. ಬೆಳಿಗ್ಗೆಯೇ ಘಾಟಿ ಇಳಿಯಬೇಕಿದ್ದ ನಾನೂ ತಮ್ಮನೂ ಕೊಟ್ಟಿಗೆಹಾರ ಮುಟ್ಟುವಾಗ ಕತ್ತಲಾಗಿತ್ತು.

ಘಾಟಿಯಲ್ಲಿ ಮಲಯಮಾರುತ ದಾಟಿದ ಮೇಲೆ ಮಂಜು, ಅದರ ಮೇಲೆ ಜಿಟಿಜಿಟಿ ಮಳೆ. ಆರು ವೋಲ್ಟಿನ ಲೈಟು ಎಷ್ಟಿರುತ್ತದೋ ಅಷ್ಟೇ ಬೆಳಕು. ಒಂದು ತಿರುವಿನಲ್ಲಿ ಲೈಟು ಪಕ್ಕನೆ ಮಂಕಾಗಿ ಮತ್ತೆ ಬಂತು. ಮುಂದಿನ ಬಲ ತಿರುವಿನಲ್ಲಿ ಏನೂ ಆಗಲಿಲ್ಲ. ಆಮೇಲೆ ಬಂದದ್ದು ಎಡಕ್ಕೆ ಪೂರ್ತಿ ಹ್ಯಾಂಡಲ್ ಎಳೆಯಬೇಕಾದ ಹೇರ್‌ಪಿನ್. ಲೈಟು ಹೋಯಿತು, ಅದರ ಬೆನ್ನಿಗೇ ಇಂಜಿನ್ ನಿಂತಿತು. ಹಿಂದಿನಿಂದ ತಮ್ಮ, "ಅಣ್ಣಾ, ಏನೋ ಸುಡ್ತಾ ಇದೆ" ಎಂದ.

ಕೀ ತೆಗೆದೆ. ಹೊಗೆ ನಿಲ್ಲಲಿಲ್ಲ. ಟ್ಯಾಂಕಿನ ಅಡಿಯಿಂದ ಬಿಳಿ ಹೊಗೆ ಎಳೆ ಎಳೆಯಾಗಿ ಬರುತ್ತಲೇ ಇತ್ತು. ಪ್ಲಾಸ್ಟಿಕ್ ಸುಟ್ಟ ಆ ವಾಸನೆ ಮರೆಯುವಂಥದ್ದಲ್ಲ. ಈ ಗಾಡಿಯಲ್ಲಿ ಕೀ ಇರುವುದು ಹೆಡ್‌ಲೈಟ್ ಡೂಮಿನ ಮೇಲೆ. ಬ್ಯಾಟರಿಯಿಂದ ಹೊರಟ ವೈರು ಟ್ಯಾಂಕಿನ ಕೆಳಗೆ ಹಾದು, ಹ್ಯಾಂಡಲ್ ತಿರುಗುವ ಕೋನ್‌ಸೆಟ್ ಪಕ್ಕದಲ್ಲಿ ಬಳಸಿ ಅಲ್ಲಿಗೆ ಬರಬೇಕು. ಶಾರ್ಟ್ ಆದದ್ದು ಆ ನಡುದಾರಿಯಲ್ಲಿ. ಅಲ್ಲಿ ಕೀ ಏನೂ ಮಾಡುವುದಿಲ್ಲ. ತಡೆಯಬೇಕಾದದ್ದು ಫ್ಯೂಸ್ ಒಂದೇ.

ಪೆಟ್ರೋಲ್ ಕಾಕ್ ಮುಚ್ಚಿದೆ. ತಮ್ಮ ಮೊಬೈಲ್ ಬೆಳಕು ಹಿಡಿದ. ಬ್ಯಾಟರಿ ಪೆಟ್ಟಿಗೆ ಮುಚ್ಚಳ ತೆಗೆದು ಟರ್ಮಿನಲ್ ವೈರು ಹಿಡಿದರೆ ಅಂಗೈ ಚುರುಕ್ಕೆಂದಿತು. ನಟ್ಟು ಬಿಗಿ. ಸ್ಪ್ಯಾನರ್ ಮಳೆನೀರಿಗೆ ಜಾರಿ ಜಾರಿ ಹೋಗುತ್ತಿತ್ತು. ಮೇಲೆ ಟ್ಯಾಂಕಿನ ತುಂಬ ಪೆಟ್ರೋಲು, ಕೆಳಗೆ ಕಾದು ಕರಗುತ್ತಿರುವ ವೈರು, ಹಿಂದೆ ಟೇಲ್ ಲೈಟೂ ಇಲ್ಲದ ನಾವು. ಕೆಳಗಿನ ತಿರುವಿನಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯುತ್ತಾ ಹತ್ತುತ್ತಿತ್ತು. "ಬಿಟ್ಟು ಬಾರೋ ಅಣ್ಣಾ, ದೂರ ಬಾ" ಎಂದು ತಮ್ಮ ತೋಳು ಹಿಡಿದೆಳೆದ. ನಾನು ಹೋಗಲಿಲ್ಲ. ಅಪ್ಪನ ಗಾಡಿಯನ್ನು ಕಣ್ಣೆದುರು ಉರಿಯಲು ಬಿಡುವ ಮನುಷ್ಯ ನಾನಲ್ಲ. ಹೆಗಲ ಟವೆಲನ್ನು ಕೈಗೆ ಸುತ್ತಿ ವೈರನ್ನು ಜಗ್ಗಿ ಎಳೆದೆ. ಕಿಡಿ ಹಾರಿ ಕಿತ್ತು ಬಂತು. ಹೊಗೆ ನಿಧಾನವಾಗಿ ತಗ್ಗಿತು.

ಗಾಡಿಯನ್ನು ತಡೆಗೋಡೆಗೆ ತಾಗಿಸಿ ನಿಲ್ಲಿಸಿ ನೋಡಿದರೆ, ಆ ಪುಣ್ಯಾತ್ಮ ಕೋನ್‌ಸೆಟ್ ಬಳಿ ವೈರುಗಳನ್ನೆಲ್ಲ ಕೇಬಲ್ ಟೈ ಹಾಕಿ ಬಿಗಿದಿದ್ದ. ಹ್ಯಾಂಡಲ್ ಎಡಕ್ಕೆ ತಿರುಗಿದಾಗ ವೈರು ಸರಿಯಲು ಜಾಗವೇ ಇಲ್ಲ. ಉಜ್ಜಿ ಉಜ್ಜಿ ಸಿಪ್ಪೆ ಹರಿದು, ಒಳಗಿನ ತಾಮ್ರ ಚಾಸಿಸ್‌ಗೆ ತಾಗಿತ್ತು. ಫ್ಯೂಸ್ ಹೋಲ್ಡರ್ ಬಿಚ್ಚಿದಾಗ ರಕ್ತ ಕುದಿಯಿತು. ಗಾಜಿನ ಫ್ಯೂಸ್ ಇರಬೇಕಾದ ಕಡೆ ದಪ್ಪ ತಾಮ್ರದ ತಂತಿ!

ಅಪ್ಪ ಟೂಲ್ ಬಾಕ್ಸಿನಲ್ಲಿ ಫಿಲ್ಮ್ ರೋಲಿನ ಡಬ್ಬಿಯೊಂದನ್ನು ಇಡುತ್ತಿದ್ದರು. ಫ್ಯೂಸು, ಪಾಯಿಂಟ್ ಉಜ್ಜುವ ಎಮರಿ ಚೂರು, ಒಂದಿಷ್ಟು ವೈರು. ಅದೇ ಕಾಪಾಡಿತು. ಸುಟ್ಟ ಭಾಗ ಕತ್ತರಿಸಿ, ಬೇರೆ ವೈರು ಸೇರಿಸಿ, ಒರೆಸಿ ಒರೆಸಿ ಟೇಪು ಸುತ್ತಿದೆ. ಹೆಡ್‌ಲೈಟಿನ ವೈರು ಕಿತ್ತಿಟ್ಟೆ. ಆರು ವೋಲ್ಟಿನಲ್ಲಿ 35 ವ್ಯಾಟಿನ ಬಲ್ಬು ಸುಮಾರು 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನ ಗಾಡಿಯ ಎರಡರಷ್ಟು. ಬ್ಯಾಟರಿಯಲ್ಲಿ ಉಳಿದ ಅಲ್ಪಸ್ವಲ್ಪ ಕರೆಂಟು ಕಾಯಿಲ್‌ಗೆ ಸಿಗಬೇಕಿತ್ತು. ಅದಿಲ್ಲದೆ ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಯೆಜ್ಡಿ ಎರಡು ಸಲ ಕೆಮ್ಮಿ ಹಿಡಿದುಕೊಂಡಿತು.

ಉಜಿರೆ ಕಡೆಯ ಪಿಕಪ್ ಚಾಲಕರೊಬ್ಬರು ಅಷ್ಟರಲ್ಲಿ ಬಂದು ನಿಂತರು. "ನೀವು ಮುಂದೆ ಹೋಗಿ ಮಾರಾಯ್ರೆ, ನಾನು ಹಿಂದಿನಿಂದ ಲೈಟ್ ಹಾಕ್ತೇನೆ" ಎಂದರು. ಘಾಟಿಯುದ್ದಕ್ಕೂ ನಮ್ಮದೇ ನೆರಳು ಮುಂದೆ ಬೀಳುತ್ತಿತ್ತು, ಅದರ ಅಕ್ಕಪಕ್ಕದ ಬೆಳಕು ನೋಡಿಕೊಂಡು ಇಳಿದೆವು. ಅವರ ಋಣ ತೀರುವಂಥದ್ದಲ್ಲ.

ವಾಪಸು ಬಂದು ಎಲೆಕ್ಟ್ರಿಷಿಯನ್‌ನನ್ನು ಕೇಳಿದೆ. "ಫ್ಯೂಸ್ ಪದೇ ಪದೇ ಹೋಗ್ತಿತ್ತು ಸಾರ್, ಅದಕ್ಕೇ ಡೈರೆಕ್ಟ್ ಮಾಡ್ಬಿಟ್ಟೆ" ಎಂದ, ಏನೂ ಆಗದವನಂತೆ. ಶಾರ್ಟ್ ಇದೆ ಎಂದು ಫ್ಯೂಸ್ ಅವನ ಅಂಗಡಿಯಲ್ಲೇ ಹೇಳುತ್ತಿತ್ತು. ಅವನು ಅದರ ಬಾಯಿ ಮುಚ್ಚಿಸಿ ನಮ್ಮನ್ನು ಘಾಟಿಗೆ ಕಳಿಸಿದ.

ಹಳೆಯ ಗಾಡಿ ಇಟ್ಟುಕೊಂಡವರು ಇಷ್ಟು ಮಾಡಿ. ವೈರಿಂಗ್ ಮಾಡಿಸಿದ ಮೇಲೆ ಲೈಟು ಹಾಕಿ ಹ್ಯಾಂಡಲನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ. ಬೆಳಕು ಮಿನುಗಿದರೆ ದುಡ್ಡು ಕೊಡಬೇಡಿ. ಬ್ಯಾಟರಿ ಟರ್ಮಿನಲ್ ನಟ್ಟಿಗೆ ಗ್ರೀಸ್ ಹಚ್ಚಿಡಿ, ಅದರ ಸ್ಪ್ಯಾನರ್ ಕೈಗೆ ಸಿಗುವಂತಿರಲಿ. ರೇಸ್ ಕೊಟ್ಟರೂ ಕೆಂಪು ಚಾರ್ಜಿಂಗ್ ದೀಪ ಆರದಿದ್ದರೆ ಡೈನಮೋ ಬ್ರಷ್, ಕಟೌಟ್ ತೋರಿಸದೆ ರಾತ್ರಿ ಹೊರಡಬೇಡಿ.

ಇದೆಲ್ಲ ಮರೆತರೂ ಒಂದನ್ನು ಮರೆಯಬೇಡಿ. ಗ್ಯಾರೇಜಿನಿಂದ ಗಾಡಿ ತೆಗೆದುಕೊಳ್ಳುವ ಮೊದಲು ಫ್ಯೂಸ್ ಹೋಲ್ಡರನ್ನು ನಿಮ್ಮ ಕೈಯಾರೆ ಬಿಚ್ಚಿ ನೋಡಿ. ಒಳಗೆ ತಂತಿಯೋ ಸಿಗರೇಟ್ ಪ್ಯಾಕಿನ ಬೆಳ್ಳಿ ಹಾಳೆಯೋ ಕಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಸರಿಯಾದ ಫ್ಯೂಸ್ ಹಾಕಿಸಿಯೇ ಹೊರಡಿ.