ನಮ್ಮ ನಡುವಿನ ಬೆಚಲೇಲರು

ಓದಿರಿ: ವಿಮೋಚನಾಕಾಂಡ 31:1-6, 35:25-35

ಪವಿತ್ರಾತ್ಮರ ವರದಾನ ಎಂದೊಡನೆ ಬೋಧನೆ, ಪ್ರವಾದನೆ, ರೋಗ ಗುಣಪಡಿಸುವ ಶಕ್ತಿ ಇವೇ ನಮ್ಮ ನೆನಪಿಗೆ ಬರುತ್ತವೆ. ಆದರೆ ವಿಮೋಚನಾಕಾಂಡದಲ್ಲಿ ದೇವರು ತಮ್ಮ ಆತ್ಮದಿಂದ ತುಂಬಿಸಿದ್ದು ಕೈಕಸುಬಿನ ಒಬ್ಬ ಮನುಷ್ಯನನ್ನು. ಅವನೇ ಬೆಚಲೇಲ. ದೇವದರ್ಶನದ ಗುಡಾರಕ್ಕಾಗಿ ಚಿನ್ನ, ಬೆಳ್ಳಿ, ಕಂಚಿನ ಕೆಲಸ, ರತ್ನ ಕೆತ್ತುವ ಕೆಲಸ, ಮರದ ಕೆತ್ತನೆ ಎಲ್ಲವನ್ನೂ ಮಾಡುವ ಜಾಣ್ಮೆಯನ್ನು ದೇವರೇ ಅವನಿಗೆ ಕೊಟ್ಟರು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದರು. ಅವನ ಜೊತೆಗಾರ ಒಹೊಲೀಯಾಬನ ಹೆಸರನ್ನೂ ಹೇಳಿದರು. ಮೇಕೆಯ ಕೂದಲನ್ನು ನೂತ ಸ್ತ್ರೀಯರ ಕುಶಲತೆಯನ್ನೂ ಪವಿತ್ರ ಗ್ರಂಥ ಮರೆತಿಲ್ಲ.

ನಮ್ಮ ಧರ್ಮಕೇಂದ್ರಗಳಲ್ಲೂ ಇಂಥವರಿದ್ದಾರೆ. ಕ್ರಿಸ್ಮಸ್ ಗೋದಲಿಗೆ ಜೇಡಿಮಣ್ಣಿನಲ್ಲಿ ಕುರಿಮರಿ ಮಾಡುವ ಹುಡುಗ, ಹಳೆಯ ಸೀರೆಗಳಿಂದ ಕೌದಿ ಹೊಲಿಯುವ ಅಜ್ಜಿ, ಬಲಿಪೀಠದ ವಸ್ತ್ರಕ್ಕೆ ಕಸೂತಿ ಹಾಕುವ ತಾಯಿ, ಕೇಳಿ ಕೇಳಿಯೇ ಹಾರ್ಮೋನಿಯಂ ಕಲಿತ ಯುವಕ. ಇವರಿಗೆ ಶಾಲೆಯಿಲ್ಲ, ಪ್ರಮಾಣಪತ್ರವಿಲ್ಲ. "ಏನೋ ಕೈಗೆ ಬಂದದ್ದು ಮಾಡ್ತೀನಿ" ಎನ್ನುತ್ತಾರೆ. ನಾವೂ ಅದನ್ನೇ ನಂಬಿ ಸುಮ್ಮನಾಗುತ್ತೇವೆ.

ಸ್ಪೇನ್ ದೇಶದ ಹುಸ್ತೊ ಗಾಲ್ಯೇಗೊ ಎಂಬ ರೈತನ ಕಥೆ ಕೇಳಿ. ಟ್ರ್ಯಾಪಿಸ್ಟ್ ಸಂನ್ಯಾಸಿಯಾಗಲು ಹೋದ ಅವರು ಕ್ಷಯರೋಗದಿಂದಾಗಿ ಮಠ ಬಿಡಬೇಕಾಯಿತು. 1961ರಲ್ಲಿ, ಮ್ಯಾಡ್ರಿಡ್ ಬಳಿಯ ತಮ್ಮ ಊರಿನಲ್ಲಿ, ಮನೆತನದ ಜಮೀನಿನಲ್ಲಿ ದೇವಮಾತೆಗಾಗಿ ಒಂದು ಮಹಾದೇವಾಲಯ ಕಟ್ಟತೊಡಗಿದರು. ಅವರು ವಾಸ್ತುಶಿಲ್ಪ ಓದಿದವರಲ್ಲ. ಇತರರು ಬೇಡವೆಂದು ಬಿಟ್ಟ ಇಟ್ಟಿಗೆ, ಹಳೆಯ ಡಬ್ಬ, ಡ್ರಮ್ಮುಗಳೇ ಅವರ ಸಾಮಗ್ರಿ. ಹುಚ್ಚನೆಂದು ನಕ್ಕವರಿದ್ದರು. ಇಟ್ಟಿಗೆ ಕೊಟ್ಟವರೂ, ಬಂದು ಕೈಜೋಡಿಸಿದವರೂ ಇದ್ದರು. 2021ರಲ್ಲಿ, 96ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಟ್ಟಡ ಇನ್ನೂ ಪೂರ್ತಿಯಾಗಿರಲಿಲ್ಲ. ಆದರೆ ಅದನ್ನು ನೋಡಲು ದೂರದೂರದಿಂದ ಜನ ಬರುತ್ತಿದ್ದರು. ಅಂಥವರ ನೆರೆಯಲ್ಲಿ ನಾವಿದ್ದರೆ ನಗುವವರ ಸಾಲಿನಲ್ಲಿರುತ್ತಿದ್ದೆವೋ, ಇಟ್ಟಿಗೆ ಕೊಡುವವರ ಸಾಲಿನಲ್ಲೋ?

ಸಂತ ಎರಡನೆಯ ಜಾನ್ ಪೌಲರು 1999ರಲ್ಲಿ ಕಲಾವಿದರಿಗೆ ಬರೆದ ಪತ್ರದಲ್ಲಿ, ಈ ವರವನ್ನು ಪಡೆದವರು ಅದನ್ನು ಹಾಳುಮಾಡದೆ ಬೆಳೆಸಿ ನೆರೆಯವರ ಸೇವೆಗೆ ಬಳಸಬೇಕೆಂದು ನೆನಪಿಸಿದ್ದಾರೆ. ಬೆಳೆಯುವ ಸಸಿಗೆ ನೀರೆರೆಯುವ ಹೊಣೆ ನಮ್ಮದು. ಅದಕ್ಕೆ ನಾವು ಮಾಡಬಹುದಾದದ್ದು ಇಷ್ಟು:

1. ನಿಂತು ನೋಡೋಣ. "ಚೆನ್ನಾಗಿದೆ" ಎಂದು ದಾಟಿ ಹೋಗದೆ, ಹೇಗೆ ಮಾಡಿದಿರಿ, ಎಷ್ಟು ದಿನ ಹಿಡಿಯಿತು ಎಂದು ಕೇಳೋಣ.

2. ಹೆಸರು ಹೇಳೋಣ. ಹಬ್ಬದ ದಿನ ದಾನಿಗಳ ಹೆಸರು ಓದುವಾಗ ತೇರನ್ನು ಸಿಂಗರಿಸಿದವರ ಹೆಸರೂ ಕೇಳಿಬರಲಿ.

3. ದುಡಿಮೆಗೆ ಬೆಲೆ ಕೊಡೋಣ. "ನಮ್ಮವಳೇ ತಾನೆ" ಎಂದು ಪುಕ್ಕಟೆ ಹೊಲಿಸಿಕೊಳ್ಳುವುದು ಪ್ರೋತ್ಸಾಹವಲ್ಲ. ದುಡಿದವನಿಗೆ ಕೂಲಿ ಸಲ್ಲಬೇಕೆಂಬ ಯೇಸುಸ್ವಾಮಿಯ ಮಾತು ಕಸೂತಿಯ ಸೂಜಿಗೂ ಅನ್ವಯಿಸುತ್ತದೆ. ಆಕೆ ಕಾಣಿಕೆಯಾಗಿ ಕೊಡುವುದಾದರೆ ಆ ತೀರ್ಮಾನ ಆಕೆಯದಾಗಿರಲಿ.

4. ಮಕ್ಕಳ ಕೈ ಕಟ್ಟದಿರೋಣ. "ಇದರಿಂದ ಹೊಟ್ಟೆ ತುಂಬುತ್ತದೆಯೇ?" ಎಂಬ ಒಂದು ಮಾತಿಗೆ ಎಷ್ಟೋ ಮಕ್ಕಳು ಪೆನ್ಸಿಲನ್ನು ಶಾಶ್ವತವಾಗಿ ಕೆಳಗಿಡುತ್ತಾರೆ. ಓದಿನ ಜೊತೆಗೆ ಒಂದು ಬಣ್ಣದ ಡಬ್ಬಿಗೂ ಮನೆಯಲ್ಲಿ ಜಾಗವಿರಲಿ.

ಕುಟುಂಬದಲ್ಲಿ ಚರ್ಚಿಸಿ

* ನಮ್ಮ ಮನೆಯಲ್ಲಿ ಯಾರ ಕೈಯಲ್ಲಿ ಯಾವ ಕುಶಲತೆ ಇದೆ? ಅದನ್ನು ಅವರಿಗೆ ಕಡೆಯ ಬಾರಿ ಹೇಳಿದ್ದು ಯಾವಾಗ?
* ನಮ್ಮ ದೇವಾಲಯದ ಗೋದಲಿ, ತೇರು, ಬಲಿಪೀಠದ ವಸ್ತ್ರಗಳ ಹಿಂದಿರುವವರ ಹೆಸರು ನಮಗೆ ಗೊತ್ತೇ?
* ಈ ವಾರ ಅಂಥ ಒಬ್ಬರ ಮನೆಗೆ ಹೋಗಿ ಅವರ ಕೆಲಸ ನೋಡಿ ಬರಬಹುದೇ?

ಪ್ರಾರ್ಥನೆ: ಸೃಷ್ಟಿಕರ್ತರಾದ ದೇವರೇ, ಬೆಚಲೇಲನನ್ನು ಹೆಸರು ಹಿಡಿದು ಕರೆದ ನೀವು, ನಮ್ಮ ಪಕ್ಕದಲ್ಲೇ ಇರುವ ನಿಮ್ಮ ವರಗಳನ್ನು ಗುರುತಿಸುವ ಕಣ್ಣನ್ನೂ, ಮೆಚ್ಚಿ ಮಾತನಾಡುವ ನಾಲಿಗೆಯನ್ನೂ ನಮಗೆ ದಯಪಾಲಿಸಿರಿ. ಆಮೆನ್.